ಎರಡು ಬಾಟಲಿ ಭತ್ತ

ಕಳೆದ ಜೂನ್ ತಿಂಗಳಲ್ಲಿ ಪ್ರತಿಮಾ ಫೋನ್ ಮಾಡಿದ್ದಳು. ನಾನು ನಿವೃತ್ತಳಾದ ಮೇಲೆ ನಮ್ಮ ಪದವಿಪೂರ್ವ ಕಾಲೇಜಿನ ಜೀವಶಾಸ್ತ್ರ ಪ್ರಯೋಗಾಲಯಕ್ಕೆ ಅಟೆಂಡರ್ ಆಗಿ ಸೇರಿದವಳು ಅವಳು. ಕೇಳಲು ಅವಳಿಗೆ ಯಾವಾಗಲೂ ಏನಾದರೊಂದು ಇರುತ್ತದೆ. ಕವರ್ ಸ್ಲಿಪ್ಪಿನ ಡಬ್ಬಿ ಎಲ್ಲಿ, ಬಣ್ಣದ ದ್ರಾವಣ ಸೀರೆಗೆ ಬಿದ್ದರೆ ಎಂತ ಹಾಕಿ ಒಗೆಯುವುದು, ಮೂರನೇ ಮೈಕ್ರೋಸ್ಕೋಪಿನ ತಿರುಪು ಯಾಕೆ ಜಾರುತ್ತದೆ, ಹೀಗೆ. ಆ ದಿನ ಕೇಳಿದ್ದು ಬೇರೆ.

"ಬಾಯಿ, ಮೊಳಕೆಯ ಗಂಟನ್ನು ಕ್ಲಾಸಿನಲ್ಲಿ ಬಿಚ್ಚುವ ಮೊದಲು ನಾವು ಒಮ್ಮೆ ತೆಗೆದು ನೋಡಬಹುದಾ? ಮೇಡಂ ಹತ್ತಿರ ಕೇಳಿದರೆ ಯಾರೂ ನೋಡುವ ಹಾಗಿಲ್ಲ ಅಂದರು."

ಮೇಡಂ ಹೇಳಿದ ಹಾಗೆ ಮಾಡು ಎಂದು ಹೇಳಿ ಫೋನ್ ಇಟ್ಟೆ. ಇಟ್ಟ ಮೇಲೆ ಮೀನು ಕೊಯ್ಯುತ್ತಾ ಕುಳಿತವಳಿಗೆ ನಾನು ಕೊಟ್ಟದ್ದು ಅರ್ಧ ಉತ್ತರ ಎಂದು ಅನಿಸಿತು. ಇನ್ನರ್ಧ ಹೇಳಬೇಕಾದರೆ ಮೂವತ್ತೆರಡು ವರ್ಷದ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಾಗಾಗಿ ಮನೆಯಲ್ಲಿದ್ದ ಹಳೆಯ ಪ್ರಾಕ್ಟಿಕಲ್ ರೆಕಾರ್ಡ್ ಪುಸ್ತಕದ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಒಂದು ಬದಿ ಗೆರೆ, ಇನ್ನೊಂದು ಬದಿ ಚಿತ್ರ ಬಿಡಿಸುವ ಬಿಳಿ ಹಾಳೆ. ಎರಡರ ಮೇಲೂ ಬರೆಯುತ್ತೇನೆ.

ನನ್ನ ಹೆಸರು ಐರಿನ್. ನಮ್ಮ ಕ್ರಿಶ್ಚಿಯನ್ ಹೆಂಗಸರನ್ನು ಊರಿನವರು ಬಾಯಿ ಎಂದು ಕರೆಯುವುದು ವಾಡಿಕೆ, ಹಾಗೆ ಕಾಲೇಜಿಗೂ ನಾನು ಐರಿನ್ ಬಾಯಿಯೇ. ಮನೆ ಕಾಪುವಿನ ಒಳಗೆ, ಬಸ್ಸಿನಿಂದ ಇಳಿದು ಹತ್ತು ನಿಮಿಷ ಗದ್ದೆಯ ಅಂಚಿನಲ್ಲಿ ನಡೆಯಬೇಕು. ಓದಿದ್ದು ಹತ್ತನೇ ತರಗತಿ. ಕೆಲಸಕ್ಕೆ ಸೇರುವಾಗ ನನಗೆ ಜೀವಶಾಸ್ತ್ರವೆಂದರೆ ಕಪ್ಪೆ ಕೊಯ್ಯುವುದು ಎಂದಷ್ಟೇ ಗೊತ್ತಿತ್ತು. ಬಂಗುಡೆ ಮೀನು ಕೊಯ್ಯುವವಳಿಗೆ ಕಪ್ಪೆ ಏನು ಮಹಾ ಎಂದು ಧೈರ್ಯ ಮಾಡಿ ಸೇರಿದೆ.

ನನ್ನ ಮೊದಲ ಮೇಲಧಿಕಾರಿ ಉಪಾಧ್ಯ ಸರ್. ಅಂಬಲಪಾಡಿಯವರು, ಮದುವೆಯಾಗದವರು, ಮಧ್ಯಾಹ್ನ ಮೊಸರನ್ನ ಮತ್ತು ಒಂದು ಮಾವಿನಮಿಡಿ ಬಿಟ್ಟರೆ ಬೇರೇನೂ ತಿನ್ನದವರು. ಜೂನ್ ತಿಂಗಳ ಅವರ ಮೊದಲ ಪಾಠಕ್ಕೆ ಮೇಜಿನ ಮೇಲೆ ಆರು ವಸ್ತುಗಳನ್ನು ನಾನು ಜೋಡಿಸಿಡಬೇಕು. ಉರಿಯುವ ಮೇಣದಬತ್ತಿ, ನಾಚಿಕೆಮುಳ್ಳಿನ ಕುಂಡ, ದಾರದಲ್ಲಿ ಕಟ್ಟಿ ಉಪ್ಪುನೀರಿಗೆ ಇಳಿಬಿಟ್ಟು ಬೆಳೆಸಿದ ಉಪ್ಪಿನ ಹರಳು, ಕೀಲಿ ಕೊಟ್ಟರೆ ನಡೆಯುವ ಪ್ಲಾಸ್ಟಿಕ್ ಆಮೆ, ಚಿಪ್ಪಿನ ಬಾಯಿ ಮುಚ್ಚಿಕೊಂಡ ಬಸವನಹುಳು, ಮತ್ತೆ ಒಂದು ಮುಷ್ಟಿ ಒಣ ಭತ್ತ. ಇದರಲ್ಲಿ ಜೀವ ಇರುವುದು ಯಾವುದಕ್ಕೆ, ಇಲ್ಲದ್ದು ಯಾವುದಕ್ಕೆ, ಕಾರಣ ಕೊಟ್ಟು ಹೇಳಿ ಎನ್ನುವರು.

ಮಕ್ಕಳು ಪ್ರತಿ ವರ್ಷ ಒಂದೇ ಥರ ಸಿಕ್ಕಿಬೀಳುತ್ತಿದ್ದರು. ಜೀವವಿರುವುದು ಚಲಿಸುತ್ತದೆ ಎಂದರೆ ಸರ್ ಆಮೆಗೆ ಕೀಲಿ ಕೊಟ್ಟು ಬಿಡುವರು. ಬೆಳೆಯುತ್ತದೆ ಎಂದರೆ ಉಪ್ಪಿನ ಹರಳು ಎತ್ತಿ ತೋರಿಸುವರು. ಆಹಾರ ತೆಗೆದುಕೊಳ್ಳುತ್ತದೆ, ಕಶ್ಮಲ ಹೊರಹಾಕುತ್ತದೆ, ತನ್ನಂಥ ಇನ್ನೊಂದನ್ನು ಹುಟ್ಟಿಸುತ್ತದೆ ಎಂದು ಯಾರಾದರೂ ಹೇಳಿದರೆ ಮೇಣದಬತ್ತಿಯ ಉರಿಯಿಂದ ಇನ್ನೊಂದು ಮೇಣದಬತ್ತಿ ಹಚ್ಚಿ, ನೋಡಿ, ಮೇಣ ತಿನ್ನುತ್ತದೆ, ಹೊಗೆ ಬಿಡುತ್ತದೆ, ಈಗ ಮರಿಯನ್ನೂ ಹಾಕಿತು ಎನ್ನುವರು. ಒಂದು ವರ್ಷ ಒಬ್ಬಳು ಹುಡುಗಿ ಬಿಡದೆ, ಮರಿ ಹಾಕದ್ದಕ್ಕೆ ಜೀವ ಇಲ್ಲ ಸರ್, ಅದೇ ಮುಖ್ಯ ಲಕ್ಷಣ ಎಂದು ವಾದಿಸಿದಳು. ಸರ್ ಆಮೆಯನ್ನು ಕೈಗೆತ್ತಿಕೊಂಡರು. "ನನಗೆ ಮದುವೆ ಆಗಿಲ್ಲ ಮಗಾ. ನಿನ್ನ ಪ್ರಕಾರ ನಾನು ಈ ಪ್ಲಾಸ್ಟಿಕ್ ಆಮೆಯ ಪಕ್ಕದಲ್ಲಿ ಕೂತುಕೊಳ್ಳಬೇಕಾ?" ಎಂದರು. ಕ್ಲಾಸಿಗೆ ಕ್ಲಾಸೇ ನಕ್ಕಿತು, ಅವರು ಮಾತ್ರ ನಗಲಿಲ್ಲ. ಒಂದು ಲಕ್ಷಣ ಹಿಡಿದು ತೀರ್ಪು ಕೊಡಬಾರದು, ಎಲ್ಲವನ್ನೂ ಒಟ್ಟಿಗೆ ನೋಡಬೇಕು ಎಂದು ಬೋರ್ಡಿನ ಮೇಲೆ ಬರೆಯತೊಡಗಿದರು.

ಭತ್ತದ ವಿಷಯಕ್ಕೆ ಬಂದರೆ ಎಲ್ಲರೂ ಇದಕ್ಕೆ ಜೀವ ಇಲ್ಲ ಎನ್ನುವವರೇ. ತಿನ್ನುವುದಿಲ್ಲ, ಅಲುಗುವುದಿಲ್ಲ, ಬೆಳೆಯುವುದಿಲ್ಲ, ಮುಟ್ಟಿದರೆ ನಾಚುವುದೂ ಇಲ್ಲ. ಆಗ ಸರ್ ಅದನ್ನು ನೀರಿಗೆ ಹಾಕಿಸಿ, ಮರುದಿನ ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿಸುವರು. ಪಕ್ಕದಲ್ಲೇ ಇನ್ನೊಂದು ಗಂಟು, ಅದರಲ್ಲಿ ಅರ್ಧ ಗಂಟೆ ಕುದಿಸಿದ ಭತ್ತ. ಕುದಿಸಿದ್ದಕ್ಕೆ ಕೆಂಪು ದಾರ, ಕುದಿಸದ್ದಕ್ಕೆ ನೀಲಿ ದಾರ. ಎರಡು ದಿನ ಬಿಟ್ಟು ಮಕ್ಕಳ ಎದುರಿಗೇ ಬಿಚ್ಚುವುದು. ಅಲ್ಲಿಯವರೆಗೆ ಯಾರೂ ಮುಟ್ಟುವ ಹಾಗಿಲ್ಲ. "ಮಕ್ಕಳಿಗೆ ಗೊತ್ತಿಲ್ಲದ್ದು ನಮಗೂ ಗೊತ್ತಿರಬಾರದು ಐರಿನ್ ಬಾಯಿ. ಗೊತ್ತಿದ್ದರೆ ನಮ್ಮ ಮುಖದಲ್ಲಿ ಕಾಣ್ತದೆ" ಎನ್ನುತ್ತಿದ್ದರು. ಇಪ್ಪತ್ತನಾಲ್ಕು ವರ್ಷ ಅವರ ಕೈಕೆಳಗೆ ದುಡಿದೆ, ಇಪ್ಪತ್ತನಾಲ್ಕು ಜೂನ್ ತಿಂಗಳೂ ನೀಲಿ ದಾರದ ಗಂಟು ಬಿಚ್ಚಿದಾಗ ಬಿಳಿ ಮೊಳಕೆಗಳು ಬಟ್ಟೆಯನ್ನೇ ತೂರಿಕೊಂಡು ಬಂದಿರುತ್ತಿದ್ದವು.

ಕೆಲಸಕ್ಕೆ ಹೊಸದಾಗಿ ಬರುವವರು ತಪ್ಪು ಮಾಡಿದಾಗ ಹೆದರಬಾರದು ಎಂದು ನನ್ನ ಮೊದಲ ತಪ್ಪನ್ನೂ ಇಲ್ಲಿ ಬರೆಯುತ್ತೇನೆ. ಸೇರಿದ ಮೊದಲ ತಿಂಗಳು ಸರ್ ಕೆರೆಯ ನೀರು ತರಲು ಹೇಳಿದರು. ನಮ್ಮ ಮನೆಯ ಹತ್ತಿರದ ಕೆರೆಯಿಂದ ಒಂದು ಕೊಡಪಾನ ತುಂಬಿಸಿದೆ. ನೋಡಿದರೆ ಹಸುರು ಹಸುರು, ಏನೇನೋ ತೇಲುತ್ತಿತ್ತು. ಮಕ್ಕಳು ಮುಟ್ಟುವ ನೀರು, ಇಷ್ಟು ಗಲೀಜು ಕೊಡುವುದು ಹೇಗೆ ಎಂದು ಹಳೆಯ ಸೀರೆಯ ಬಟ್ಟೆಯಲ್ಲಿ ಎರಡು ಸಲ ಸೋಸಿದೆ. ಆದರೂ ಮನಸ್ಸು ಒಪ್ಪದೆ ಒಲೆಯ ಮೇಲಿಟ್ಟು ಚೆನ್ನಾಗಿ ಕುದಿಸಿ, ಆರಿಸಿ, ತೊಳೆದ ಬಾಟಲಿಗೆ ತುಂಬಿಸಿ ಕೊಂಡುಹೋದೆ. ಮಕ್ಕಳು ಒಬ್ಬೊಬ್ಬರಾಗಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ಏನೂ ಇಲ್ಲ. ಸರ್ ತಾವೇ ನೋಡಿದರು, ಕನ್ನಡಿ ತಿರುಗಿಸಿದರು, ಲೆನ್ಸ್ ಒರೆಸಿದರು. ಕೊನೆಗೆ ಬಾಟಲಿಯನ್ನು ಕಿಟಕಿಗೆ ಹಿಡಿದು, ಇದು ಯಾವ ಕೆರೆ, ಇಷ್ಟು ಚಂದ ಉಂಟಲ್ಲ ಎಂದು ಕೇಳಿದರು. ಕುದಿಸಿದ್ದೇನೆ ಸರ್ ಎಂದೆ, ಹೆಮ್ಮೆಯಿಂದಲೇ.

ಸರ್ ಬೈಯಲಿಲ್ಲ. ಮರುದಿನ ಕುದಿಸದ ನೀರು ತರಿಸಿ, ಮೊದಲು ನನ್ನನ್ನೇ ಕರೆದು ನೋಡಲು ಹೇಳಿದರು. ಚಪ್ಪಲಿಯ ಆಕಾರದ ಒಂದು ಜೀವಿ ಮೈಯ ಸುತ್ತ ಕೂದಲು ಅಲ್ಲಾಡಿಸುತ್ತಾ ಅವಸರದಲ್ಲಿ ಓಡಾಡುತ್ತಿತ್ತು. ಅಡ್ಡಬಂದ ಕಸಕ್ಕೆ ಮುಟ್ಟಿತು, ಹಿಂದೆ ಸರಿಯಿತು, ಬೇರೆ ದಾರಿ ಹಿಡಿಯಿತು. ಅದರ ಇಡೀ ಮೈ ಒಂದೇ ಒಂದು ಜೀವಕೋಶ ಎಂದು ಸರ್ ಹೇಳಿದಾಗ ನಾನು ನಂಬಲಿಲ್ಲ. ತಲೆ ಇಲ್ಲದೆ ಹಿಂದೆ ಸರಿಯಬೇಕೆಂದು ಅದಕ್ಕೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಅದು ಒಳ್ಳೆಯ ಪ್ರಶ್ನೆ ಎಂದರು. ಉತ್ತರ ಹೇಳಿದರು, ಅರ್ಧ ಅರ್ಥವಾಯಿತು. ಆ ದಿನದಿಂದ ಕೆಲಸ ನನಗೆ ರುಚಿಸಿತು.

ಇನ್ನೊಂದು ಸಲ ಯೀಸ್ಟ್ ತೋರಿಸುವ ಪ್ರಾಕ್ಟಿಕಲ್ ಇತ್ತು. ಅಂಗಡಿಯಿಂದ ತಂದ ಯೀಸ್ಟ್ ಹಳತಾಗಿ ಸತ್ತುಹೋಗಿತ್ತು. ಬಿಸಿ ನೀರು, ಸಕ್ಕರೆ, ಎಂತ ಹಾಕಿದರೂ ಒಂದು ಗುಳ್ಳೆ ಇಲ್ಲ. ನಮ್ಮಲ್ಲಿ ಹಬ್ಬಕ್ಕೆ ಅಕ್ಕಿಹಿಟ್ಟಿಗೆ ಶೇಂದಿ ಹಾಕಿ ಉಬ್ಬಿಸಿ ಸಾನ್ನ ಮಾಡುತ್ತೇವೆ. ಹಿಟ್ಟು ಉಬ್ಬುವುದು ಯೀಸ್ಟಿನಿಂದಲೇ ಆದರೆ ಶೇಂದಿಯಲ್ಲಿ ಅದು ಇರಲೇಬೇಕಲ್ಲ ಸರ್ ಎಂದೆ. ಮೊಸರನ್ನದ ಡಬ್ಬಿ ಮುಚ್ಚುತ್ತಾ ಅವರು ಬಹಳ ಯೋಚಿಸಿ, ತನ್ನಿ, ಆದರೆ ಸ್ವಲ್ಪವೇ ತನ್ನಿ ಎಂದರು.

ಮರುದಿನ ಬೆಳಿಗ್ಗೆ ಜ್ಯಾಮಿನ ಬಾಟಲಿಯಲ್ಲಿ ಶೇಂದಿ ತುಂಬಿಸಿ, ಚೆಲ್ಲಬಾರದೆಂದು ಮುಚ್ಚಳ ಬಿಗಿಯಾಗಿ ತಿರುಗಿಸಿ ಬಸ್ಸು ಹತ್ತಿದೆ. ಮಡಿಲಲ್ಲಿ ಚೀಲ. ಮೂರನೇ ಸ್ಟಾಪಿಗೆ ಬರುವಾಗ ಮುಚ್ಚಳ ಪಟಾಕಿಯಂತೆ ಹಾರಿತು. ಇಡೀ ಬಸ್ಸಿಗೆ ವಾಸನೆ. ದಿನಾ ನೋಡುವ ಕಂಡಕ್ಟರ್ ಹತ್ತಿರ ಬಂದು, "ಎಂತ ಬಾಯಿ, ಬೆಳಿಗ್ಗೆ ಬೆಳಿಗ್ಗೆಯೇ?" ಎಂದ. ಕಾಲೇಜಿಗೆ ಎಂದೆ. ಇನ್ನೂ ಹಾಳಾಯಿತು, ಹಿಂದಿನ ಸೀಟಿನವರೂ ನಗತೊಡಗಿದರು. ಉಳಿದ ಎರಡು ಚಮಚ ಶೇಂದಿಯಲ್ಲಿ ಆ ದಿನ ಮಕ್ಕಳು ಕಂಡದ್ದು ಮಾತ್ರ ಹಿಂದೆಂದೂ ಕಾಣದಷ್ಟು ಯೀಸ್ಟ್, ಒಂದರ ಬೆನ್ನಲ್ಲಿ ಇನ್ನೊಂದು ಮೊಗ್ಗು ಬಿಟ್ಟಂತೆ ಹುಟ್ಟುತ್ತಿದ್ದದ್ದು. ಆ ಮುಚ್ಚಳ ಹಾರಿದ್ದು ಯಾಕೆಂದು ಸರ್ ಅದನ್ನೇ ಪಾಠ ಮಾಡಿದರು. ಉಸಿರಾಟ ಎಂದರೆ ಮೂಗಿನಿಂದ ಗಾಳಿ ಎಳೆಯುವುದಷ್ಟೇ ಅಲ್ಲ, ಮೂಗಿಲ್ಲದ್ದೂ ಆಹಾರದಿಂದ ಶಕ್ತಿ ತೆಗೆಯುತ್ತದೆ, ಗಾಳಿ ಬಿಡುತ್ತದೆ ಎಂದು ನನಗೆ ತಲೆಗೆ ಹೋದದ್ದು ಆ ಮುಚ್ಚಳದಿಂದ.

ವರ್ಷಗಳು ಹೋದ ಹಾಗೆ ಬಹಳ ಬದಲಾಯಿತು. ಕಪ್ಪೆ ಕೊಯ್ಯುವುದು ನಿಂತಿತು, ಅದರ ಬಗ್ಗೆ ನನಗೆ ಬೇಸರವಿಲ್ಲ. ಕನ್ನಡಿಯ ಮೈಕ್ರೋಸ್ಕೋಪ್ ಹೋಗಿ ಬಲ್ಬಿನದ್ದು ಬಂತು. ಮೋಡದ ದಿನ ಕಿಟಕಿಯ ಬದಿಗೆ ಮೇಜು ಎಳೆಯುವ ಕೆಲಸ ತಪ್ಪಿತು. ರಿಪೇರಿಗೆ ಮಣಿಪಾಲದಿಂದ ಒಬ್ಬರು ಬರುತ್ತಿದ್ದರು, ಆಮೇಲೆ ಅವರೂ ನಿಂತರು, ಹಾಳಾದರೆ ಹೊಸತೇ ತರುವುದು. ಗೋಡೆಯ ಚಾರ್ಟುಗಳ ಜಾಗಕ್ಕೆ ಪರದೆ ಬಂತು. ಮನೆಯಲ್ಲೂ ಒಂದು ಬದಲಾವಣೆ ಆಗಿತ್ತು, ಅದನ್ನು ನಾನು ಗಮನಿಸಿರಲಿಲ್ಲ. ಮೊದಲೆಲ್ಲ ಬೀಜದ ಭತ್ತವನ್ನು ಬೈಹುಲ್ಲಿನ ಮುಡಿ ಕಟ್ಟಿ ಇಡುತ್ತಿದ್ದೆವು. ದೊಡ್ಡ ಚೆಂಡಿನ ಹಾಗೆ ದುಂಡಗಿನ ಹುಲ್ಲಿನ ಗಂಟು, ಕತ್ತಲಲ್ಲಿ ಕೈಯಿಟ್ಟರೂ ಗೊತ್ತಾಗುವಂಥದ್ದು. ಮುಡಿ ಕಟ್ಟಬಲ್ಲವರು ತೀರಿಹೋದ ಮೇಲೆ ನಮ್ಮವರು, ಅಂದರೆ ನನ್ನ ಗಂಡ, ಅದನ್ನೂ ಪ್ಲಾಸ್ಟಿಕ್ ಚೀಲಕ್ಕೆ ತುಂಬಿಸತೊಡಗಿದರು.

ಉಪಾಧ್ಯ ಸರ್ ನಿವೃತ್ತರಾಗಿ ಎರಡು ವರ್ಷದ ನಂತರ ನಸೀಮಾ ಮೇಡಂ ಬಂದರು. ಉಚ್ಚಿಲದವರು. ವಯಸ್ಸಿನಲ್ಲಿ ನನ್ನ ಮಗಳಷ್ಟು, ಆದರೂ ನನಗೆ ಮೇಡಂ. ತಾತ್ಕಾಲಿಕ ನೇಮಕ. ಅದಕ್ಕೆ ಮೊದಲು ನಾಲ್ಕು ವರ್ಷದಲ್ಲಿ ಮೂರು ಕಾಲೇಜು ಕಂಡಿದ್ದರು, ಎಲ್ಲಾ ಕಡೆ ಮಾರ್ಚಿನಲ್ಲಿ ನಮಸ್ಕಾರ. ಬಂದ ಮೊದಲ ದಿನ ತಮ್ಮ ಪುಸ್ತಕ, ಸ್ಲೈಡಿನ ಪೆಟ್ಟಿಗೆ ಎಲ್ಲವನ್ನೂ ಒಂದು ಬಟ್ಟೆಯ ಚೀಲದಲ್ಲಿ ಹೊತ್ತು ತಂದು, ಸಂಜೆ ಹಾಗೆಯೇ ಹೊತ್ತು ನಡೆದರು. ಇಲ್ಲೇ ಇಡಿ ಮೇಡಂ ಎಂದೆ.

"ಯಾವ ಕಾಲೇಜಿನಲ್ಲೂ ನನಗೆ ಒಂದು ಕಪಾಟಿನ ಕೀಲಿ ಕೊಟ್ಟವರಿಲ್ಲ ಐರಿನ್ ಬಾಯಿ. ಅಭ್ಯಾಸ ಆಗಿಬಿಟ್ಟಿದೆ" ಎಂದರು.

ಕೀಲಿ ಗೊಂಚಲು ನನ್ನ ಸೊಂಟದಲ್ಲೇ ಇತ್ತು. ಆದರೆ ಖಾಯಂ ಆದವರಿಗೆ ಮಾತ್ರ ಕಪಾಟು ಎಂಬ ನಿಯಮ.

ಎರಡನೇ ವರ್ಷದ ಜೂನ್ ತಿಂಗಳಲ್ಲಿ ಆಡಳಿತ ಮಂಡಳಿ ಒಂದು ಹುದ್ದೆಯನ್ನು ಖಾಯಂ ಮಾಡಲು ಹೊರಟಿತು. ಪ್ರಾಂಶುಪಾಲರು ಮತ್ತು ಸಂಚಾಲಕ ಹೆಗ್ಡೆಯವರು ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕುಳಿತು ಒಂದು ಪಾಠ ನೋಡುವರು, ಹಿಡಿಸಿದರೆ ನಸೀಮಾ ಮೇಡಂ ಉಳಿಯುವರು, ಇಲ್ಲವಾದರೆ ಬೇರೆಯವರನ್ನು ಕರೆಸುವುದು. ಹೆಗ್ಡೆಯವರಿಗೆ ಕಾರ್ಕಳದ ಕಡೆ ಅಕ್ಕಿ ಮಿಲ್ಲು, ಮಾತು ಕಡಿಮೆ, ನಗು ಇನ್ನೂ ಕಡಿಮೆ. ಸೋಮವಾರ ಎಂದು ಗೊತ್ತಾಯಿತು. ಮೇಡಂ ಆರಿಸಿಕೊಂಡದ್ದು ಸಜೀವಿಗಳ ಲಕ್ಷಣದ ಪಾಠವನ್ನೇ. ಸರ್ ಕಾಲದ ಆರು ವಸ್ತುಗಳ ಕಥೆಯನ್ನು ನಾನೇ ಅವರಿಗೆ ಹೇಳಿದ್ದೆ. ಗಂಟಿನ ನಿಯಮವನ್ನೂ ಹೇಳಿದ್ದೆ, ಯಾರೂ ಮೊದಲೇ ನೋಡುವ ಹಾಗಿಲ್ಲ ಎಂದು.

ಶುಕ್ರವಾರ ಬೆಳಿಗ್ಗೆ ಜೋರು ಮಳೆ, ನನಗೆ ಮೂಗು ಕಟ್ಟಿದ ನೆಗಡಿ, ಬಸ್ಸಿನ ಹೊತ್ತು ಮೀರುತ್ತಿತ್ತು. ಜಗಲಿಯಲ್ಲಿದ್ದ ಚೀಲಕ್ಕೆ ಕೈಹಾಕಿ ಎರಡು ಸೇರಿನಷ್ಟು ಭತ್ತ ತುಂಬಿಸಿಕೊಂಡು ಓಡಿದೆ. ಲ್ಯಾಬಿನಲ್ಲಿ ಅರ್ಧವನ್ನು ಕುದಿಸಿದೆ, ಅರ್ಧವನ್ನು ಹಾಗೆಯೇ ನೀರಿಗೆ ಹಾಕಿದೆ. ಶನಿವಾರ ನೀರು ಬಸಿದು ಕೆಂಪು ದಾರ, ನೀಲಿ ದಾರ ಕಟ್ಟಿದೆ. ಭಾನುವಾರ ಚರ್ಚಿನಲ್ಲಿ ಮೇಡಂ ಹೆಸರಲ್ಲಿ ಒಂದು ಮೇಣದಬತ್ತಿಯನ್ನೂ ಹಚ್ಚಿದೆ.

ಸೋಮವಾರ ಪಾಠ ಚೆನ್ನಾಗಿಯೇ ನಡೆಯಿತು. ಆಮೆ ನಡೆಯಿತು, ಮೇಣದಬತ್ತಿ ಉರಿಯಿತು, ಮಕ್ಕಳು ವಾದಿಸಿದರು. ನಾನು ಎಂದಿನಂತೆ ಬಾಗಿಲ ಬಳಿ ನಿಂತಿದ್ದೆ. ಪಾಠ ನಡೆಯುವಾಗ ಅಟೆಂಡರ್ ಮಾತಾಡುವ ಕ್ರಮ ಇಲ್ಲ, ನಾನೂ ಒಂದು ದಿನ ಮಾತಾಡಿದವಳಲ್ಲ. ಮೇಡಂ ಕೆಂಪು ದಾರದ ಗಂಟನ್ನು ಬಿಚ್ಚಿಸಿದರು. ಮೊಳಕೆ ಇಲ್ಲ. ಕುದಿಸಿದ್ದಲ್ವಾ, ಜೀವ ಹೋಗಿದೆ ಎಂದು ಮಕ್ಕಳೇ ಹೇಳಿದರು. ಆಮೇಲೆ ನೀಲಿ ದಾರ. ಬಿಚ್ಚಿದ ಹುಡುಗಿ ಬಟ್ಟೆ ಹರಡಿ ನೋಡಿದಳು, ಮೇಡಂ ಮುಖ ನೋಡಿದಳು. ಇದರಲ್ಲೂ ಇಲ್ಲ ಮಿಸ್ ಎಂದಳು.

ಒಂದು ಕಾಳೂ ಮೊಳೆತಿರಲಿಲ್ಲ.

ಯಾರೋ ಕಿಸಕ್ಕನೆ ನಕ್ಕರು. ಹೆಗ್ಡೆಯವರು ಹಾಳೆಯ ಮೇಲೆ ಏನೋ ಬರೆದರು. ಮೇಡಂ ಕೈ ಮೇಜಿನ ಅಂಚನ್ನು ಹಿಡಿದಿತ್ತು, ಕಣ್ಣು ನನ್ನ ಕಡೆ ಬಂತು. ದೂರುವ ನೋಟವಲ್ಲ, ಎಂತ ಆಯಿತು ಎಂಬ ನೋಟ. ಅಷ್ಟರಲ್ಲಿ ನೀಲಿ ಗಂಟಿನ ವಾಸನೆಯೂ ಬಾಗಿಲಿನವರೆಗೆ ಬಂತು, ಕೆಂಪಿನದ್ದರ ಹಾಗೆಯೇ. ನೆಗಡಿ ಆ ಹೊತ್ತಿಗೆ ಬಿಟ್ಟಿತ್ತು. ಹುಳಿಬಂದ ಗಂಜಿಯಂಥ ವಾಸನೆ. ನಮ್ಮ ಕರಾವಳಿಯ ಯಾವ ಹೆಂಗಸಿಗೂ ಅದನ್ನು ಹೇಳಿಕೊಡಬೇಕಾಗಿಲ್ಲ. ಹಸಿ ಭತ್ತ ನೆನೆದರೆ ಹಾಗೆ ನಾರುವುದಿಲ್ಲ. ಜಗಲಿಯಲ್ಲಿದ್ದ ಚೀಲ ಒಂದಲ್ಲ, ಎರಡು ಎಂದು ಆಗ ಕಣ್ಣಿಗೆ ಬಂತು. ಒಂದು ಬಿತ್ತನೆಯಲ್ಲಿ ಉಳಿದ ಬೀಜದ ಭತ್ತ. ಇನ್ನೊಂದು ಕುಚ್ಚಲಕ್ಕಿ ಮಾಡಿಸಲು ಮೇ ತಿಂಗಳಲ್ಲಿ ಹಂಡೆಯಲ್ಲಿ ಬೇಯಿಸಿ, ಒಣಗಿಸಿ, ಮಿಲ್ಲಿಗೆ ಕೊಂಡುಹೋಗಲು ಇಟ್ಟದ್ದು. ಸಿಪ್ಪೆ ಸಮೇತ ಬೇಯಿಸಿ ಒಣಗಿಸಿದ ಭತ್ತ ನೋಡಲು ಭತ್ತದ ಹಾಗೆಯೇ ಇರುತ್ತದೆ. ನಾನು ಬೇಯಿಸಿದ್ದನ್ನೇ ತಂದು, ಅದರಲ್ಲಿ ಅರ್ಧವನ್ನು ಮತ್ತೊಮ್ಮೆ ಬೇಯಿಸಿದ್ದೆ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಳೆಯ ಬೀಜ, ಹುಟ್ಟಲಿಲ್ಲ ಎಂದು ಹೋಗುತ್ತಿತ್ತು, ಅದರ ಜೊತೆ ಮೇಡಂ ಕೂಡ ಬಟ್ಟೆಯ ಚೀಲ ಹೊತ್ತು ಹೋಗುತ್ತಿದ್ದರು.

"ಸರ್, ಒಂದು ಮಾತು" ಎಂದೆ. ನನ್ನ ದನಿ ನನಗೇ ಹೊಸತಾಗಿ ಕೇಳಿಸಿತು. "ಭತ್ತ ತಂದದ್ದು ನಾನು. ಅದು ಬೀಜದ್ದಲ್ಲ, ಅಕ್ಕಿ ಮಾಡಿಸಲು ಬೇಯಿಸಿಟ್ಟದ್ದು. ಚೀಲ ಬದಲಾಯಿತು. ಮೇಡಂ ತಪ್ಪು ಇದರಲ್ಲಿ ಇಲ್ಲ."

ಪ್ರಾಂಶುಪಾಲರು ಕೈಸನ್ನೆ ಮಾಡಿ, ಆಮೇಲೆ ಮಾತಾಡುವ ಎಂದರು. ಹೆಗ್ಡೆಯವರು ಎದ್ದು ಬಂದರು. ಒಣ ಭತ್ತ ಉಳಿದಿದ್ದರೆ ತನ್ನಿ ಎಂದರು. ಮೇಜಿನ ಮೇಲಿದ್ದ ಮುಷ್ಟಿಯಿಂದಲೇ ಒಂದು ಕಾಳು ಕೊಟ್ಟೆ. ಉಗುರಿನಿಂದ ಸಿಪ್ಪೆ ಬಿಡಿಸಿ, ಹಲ್ಲಿನಲ್ಲಿ ಕಚ್ಚಿ, ತುಂಡನ್ನು ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದರು. ಹಸಿ ಅಕ್ಕಿಯಾದರೆ ಒಳಗೆ ಸುಣ್ಣದಂತೆ ಬಿಳಿ, ಇದು ಗಾಜಿನ ಹಾಗೆ ಗಟ್ಟಿ.

"ಬೆಂದದ್ದೇ" ಎಂದರು. ಆಮೇಲೆ ಮೇಡಂ ಕಡೆ ತಿರುಗಿ, "ಆದರೆ ನೀವು ಭತ್ತ ನೋಡದೆ ಹೇಗೆ ಇಟ್ಟಿರಿ?" ಎಂದು ಕೇಳಿದರು.

ಮೇಡಂ ಮೇಜಿನ ಅಂಚನ್ನು ಬಿಟ್ಟು ನೇರ ನಿಂತರು.

"ನೋಡಿದ್ದೆ ಸರ್. ನೋಡಿದರೆ ಗೊತ್ತಾಗಲಿಲ್ಲ. ಇವತ್ತಿನ ಪಾಠ ಅದೇ."

ಹೇಳಿ ಮಕ್ಕಳ ಕಡೆ ತಿರುಗಿದರು. ಈಗ ಐರಿನ್ ಬಾಯಿ ಇನ್ನೊಂದು ಭತ್ತ ತರುತ್ತಾರೆ, ಎರಡನ್ನೂ ನಿಮ್ಮ ಮುಂದೆ ಇಟ್ಟರೆ ಯಾವುದಕ್ಕೆ ಜೀವ ಉಂಟು ಎಂದು ಹೇಗೆ ಕಂಡುಹಿಡಿಯುತ್ತೀರಿ ಎಂದು ಕೇಳಿದರು. ಒಬ್ಬಳು ಹೆಗ್ಡೆಯವರ ಹಾಗೆ ಕಚ್ಚಿ ನೋಡುವ ಎಂದಳು. ಕಚ್ಚಿದರೆ ಬೇಯಿಸಿದೆಯೋ ಎಂದು ಗೊತ್ತಾದೀತು, ಆದರೆ ಕಚ್ಚಿದ ಕಾಳು ಮತ್ತೆ ಮೊಳೆಯುವುದಿಲ್ಲ ಎಂದು ಇನ್ನೊಬ್ಬಳು ತಡೆದಳು. ಉಸಿರಾಡುತ್ತದೋ ಎಂದು ಸುಣ್ಣದ ತಿಳಿನೀರಿನಲ್ಲಿ ಪರೀಕ್ಷೆ ಮಾಡಬಹುದು ಎಂದು ಮುಂದಿನ ಬೆಂಚಿನಿಂದ ಬಂತು. ಬೆಲ್ ಹೊಡೆದದ್ದು ಯಾರಿಗೂ ಬೇಕಾಗಿರಲಿಲ್ಲ. ಗುರುವಾರ ನೋಡುವ ಎಂದರು ಮೇಡಂ. ಹೆಗ್ಡೆಯವರು ತಮ್ಮ ಹಾಳೆಯನ್ನು ಮಡಚಿ ಕಿಸೆಗೆ ಹಾಕಿಕೊಂಡು, ಗುರುವಾರ ನಾನೂ ಬರ್ತೇನೆ ಎಂದರು. ತೀರ್ಮಾನವೂ ಗುರುವಾರಕ್ಕೆ ಹೋಯಿತು.

ಪ್ರಾಂಶುಪಾಲರು ನನ್ನಿಂದ ತಪ್ಪೊಪ್ಪಿಗೆ ಬರೆಸಿಕೊಂಡರು. ಅದು ನನ್ನ ಫೈಲಿನಲ್ಲಿ ಈಗಲೂ ಇರಬೇಕು. ಮಧ್ಯಾಹ್ನವೇ ರಜೆ ಕೇಳಿ ಮನೆಗೆ ಹೋಗಿ, ನಮ್ಮವರನ್ನು ಪಕ್ಕದಲ್ಲಿ ನಿಲ್ಲಿಸಿ, ಬೀಜದ ಚೀಲದಿಂದ ಭತ್ತ ತೆಗೆಸಿ, ನಾನೂ ಒಂದು ಕಾಳು ಕಚ್ಚಿ ನೋಡಿ ಲ್ಯಾಬಿಗೆ ತಂದೆ. ಮಕ್ಕಳೇ ನೀರಿಗೆ ಹಾಕಿದರು. ಮಂಗಳವಾರ ನೀರು ಬಸಿದು, ಗಂಟು ಮಾತ್ರ ನಾನು ಕಟ್ಟಿದೆ. ನನ್ನ ಗಂಟು ಅಮ್ಮನಿಂದ ಕಲಿತದ್ದು, ಮಲ್ಲಿಗೆಯ ಪೊಟ್ಟಣಕ್ಕೆ ಕಟ್ಟುವಂಥದ್ದು. ಒಂದು ತುದಿ ಎಳೆದರೆ ಪೂರ್ತಿ ಬಿಚ್ಚಿಕೊಳ್ಳುತ್ತದೆ.

ಆ ಸಂಜೆ ಉಪಾಧ್ಯ ಸರ್‌ಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ. ನಿಮ್ಮ ನಿಯಮ ಪಾಲಿಸಿಯೇ ಹೀಗಾಯಿತು ಸರ್, ಭಾನುವಾರ ಒಮ್ಮೆ ಬಂದು ತೆಗೆದು ನೋಡಿದ್ದರೆ ಗೊತ್ತಾಗುತ್ತಿತ್ತು ಎಂದೆ.

"ನಾನು ನೋಡುತ್ತಿದ್ದೆ ಮಾರಾಯ್ತಿ" ಎಂದರು.

"ಎಂತ ಸರ್?"

"ಹಿಂದಿನ ದಿನ, ನೀವು ಬಸ್ಸಿಗೆ ಹೋದ ಮೇಲೆ. ಪ್ರತಿ ವರ್ಷ. ಎರಡು ಸಲ ಮೊಳಕೆ ಬಂದಿರಲಿಲ್ಲ, ಬೇರೆ ಭತ್ತ ಹಾಕಿ, ಪಾಠವನ್ನೇ ಎರಡು ದಿನ ಮುಂದೆ ಹಾಕಿದ್ದೆ. ನನಗೆ ಜ್ವರ ಎಂದು ನಿಮ್ಮ ಹತ್ತಿರ ಹೇಳಿದ್ದೆನಲ್ಲ, ಅದೇ."

ಇಪ್ಪತ್ತನಾಲ್ಕು ವರ್ಷ ನನ್ನ ಮುಂದೆ ಆ ಮುಖದಲ್ಲಿ ಒಂದು ಗೆರೆಯೂ ಕಂಡಿರಲಿಲ್ಲ. ಕೋಪ ಬರಬೇಕಿತ್ತು, ನಗು ಬಂತು. ಇಬ್ಬರೂ ನಕ್ಕೆವು. ಇಡುವ ಮೊದಲು, ಆ ಹುಡುಗಿಯನ್ನು ಹೋಗಲು ಬಿಡಬೇಡಿ, ನೋಡಿದರೆ ಗೊತ್ತಾಗಲಿಲ್ಲ ಎಂದು ಹೇಳುವ ಧೈರ್ಯ ನನಗೂ ಇರಲಿಲ್ಲ ಎಂದರು.

ಬುಧವಾರ ಸಂಜೆ ಮೇಡಂ ನನಗಿಂತ ಮೊದಲೇ ಬಸ್ಸಿಗೆ ಹೊರಟರು. ಬಾಗಿಲಲ್ಲಿ ನಿಂತು, ನಾಳೆಯವರೆಗೆ ಯಾರೂ ಮುಟ್ಟುವುದು ಬೇಡ ಅಲ್ವಾ ಐರಿನ್ ಬಾಯಿ ಎಂದರು. ಬೇಡ ಮೇಡಂ ಎಂದೆ. ಅವರು ಗೇಟು ದಾಟುವವರೆಗೆ ಕಾದು, ಬಾಗಿಲು ಓರೆ ಮಾಡಿ, ನೀಲಿ ದಾರದ ತುದಿ ಎಳೆದೆ.

ಬಿಚ್ಚಿಕೊಳ್ಳಲಿಲ್ಲ. ಬಗ್ಗಿ ನೋಡಿದೆ. ಅದು ನಾನು ಕಟ್ಟಿದ ಗಂಟಲ್ಲ. ಎರಡು ಸುತ್ತು ಹಾಕಿ ಬಿಗಿಯಾಗಿ ಕಟ್ಟಿದ ಗಂಟು, ಮೇಡಂ ತಮ್ಮ ಪುಸ್ತಕದ ಚೀಲಕ್ಕೆ ದಿನಾ ಕಟ್ಟುವಂಥದ್ದು. ನನಗಿಂತ ಮೊದಲು ಅವರು ಬಿಚ್ಚಿ ನೋಡಿದ್ದರು.

ಉಗುರಿನಿಂದ ಬಿಡಿಸಿದೆ. ಒಳಗೆ ಬಿಳಿ ಚುಕ್ಕೆಗಳು, ಒಂದೊಂದು ಕಾಳಿನ ತುದಿಯಲ್ಲೂ. ಬೆಚ್ಚಗಿತ್ತು. ಮೊಳೆಯುವ ಬೀಜ ಬಿಸಿಯಾಗುತ್ತದೆ ಎಂದು ಸರ್ ಎಷ್ಟೋ ಸಲ ಹೇಳಿದ್ದರು, ಅಂಗೈಗೆ ತಾಗಿದ್ದು ಅಂದೇ. ಸ್ವಲ್ಪ ಹೊತ್ತು ಹಾಗೆಯೇ ಹಿಡಿದುಕೊಂಡೆ. ಆಮೇಲೆ ಮೇಡಂ ಕಟ್ಟಿದಂತೆಯೇ, ಎರಡು ಸುತ್ತು ಹಾಕಿ ಬಿಗಿಯಾಗಿ ಕಟ್ಟಿಟ್ಟೆ.

ಗುರುವಾರ ಮಕ್ಕಳು ಗಂಟು ಬಿಚ್ಚಿದಾಗ ಮೇಡಂ ಮುಖದಲ್ಲಿ ಏನೂ ಇರಲಿಲ್ಲ, ನನ್ನ ಮುಖದಲ್ಲೂ ಇರಲಿಲ್ಲ ಎಂದುಕೊಂಡಿದ್ದೇನೆ. ಮೊಳಕೆಗಳು ಬಟ್ಟೆಯನ್ನು ತೂರಿಕೊಂಡು ಬಂದಿದ್ದವು. ಹೆಗ್ಡೆಯವರು ಒಂದೇ ಪ್ರಶ್ನೆ ಕೇಳಿದರು. ತಿಂಗಳುಗಟ್ಟಲೆ ಚೀಲದಲ್ಲಿದ್ದಾಗ ಈ ಬೀಜ ಜೀವಂತ ಇತ್ತು ಎನ್ನಲು ಎಂತ ಆಧಾರ ಎಂದು. ಅದು ಆಗಲೂ ಉಸಿರಾಡುತ್ತಿತ್ತು ಸರ್, ಬಹಳ ನಿಧಾನಕ್ಕೆ, ನಮಗೆ ಕಾಣದಷ್ಟು, ಹೊಟ್ಟೆಯೊಳಗಿನ ಆಹಾರವನ್ನು ಸ್ವಲ್ಪಸ್ವಲ್ಪವೇ ಬಳಸಿಕೊಂಡು ಎಂದರು ಮೇಡಂ. ಬೆಂದದ್ದು ಅದನ್ನು ನಿಲ್ಲಿಸಿತ್ತು.

"ನಲವತ್ತು ವರ್ಷ ಭತ್ತದ ಜೊತೆ ಇದ್ದೇನೆ. ಅದು ಉಸಿರಾಡ್ತದೆ ಅಂತ ಯಾರೂ ಹೇಳಲಿಲ್ಲ" ಎಂದರು ಹೆಗ್ಡೆಯವರು. ನಗಲಿಲ್ಲ. ತೀರ್ಮಾನ ಹೇಳದೆಯೇ ಹೋದರು. ನಾಲ್ಕು ದಿನ ಯಾರಿಗೂ ಊಟ ಸರಿ ಸೇರಲಿಲ್ಲ. ಮುಂದಿನ ವಾರ ಆದೇಶ ಬಂತು. ನಾನು ಗೊಂಚಲಿನಿಂದ ಕಿಟಕಿಯ ಬದಿಯ ಕಪಾಟಿನ ಕೀಲಿ ಬಿಡಿಸಿ ಮೇಡಂ ಕೈಯಲ್ಲಿಟ್ಟೆ. ಅವರು ಬಟ್ಟೆಯ ಚೀಲದ ಗಂಟನ್ನು ಬಿಚ್ಚಿ ಎಲ್ಲವನ್ನೂ ಒಳಗೆ ಜೋಡಿಸಿದರು. ಖಾಲಿ ಚೀಲವನ್ನು ಮಡಚಿ ಅದನ್ನೂ ಒಳಗೇ ಇಟ್ಟರು.

ಅಂದಿನಿಂದ ಮೇಜಿನ ಮೇಲೆ ಆರರ ಬದಲು ಏಳು ವಸ್ತುಗಳು. ಕೊನೆಯ ಎರಡು, ಒಂದೇ ಥರದ ಎರಡು ಬಾಟಲಿ ಭತ್ತ. ಚೀಟಿ ಅಂಟಿಸುವುದಿಲ್ಲ. ನಿವೃತ್ತಳಾದ ಮೇಲೂ ಮೇ ತಿಂಗಳ ಕೊನೆಗೆ ಮೇಡಂ ಫೋನ್ ಬರುತ್ತದೆ, ಭತ್ತ ಉಂಟಾ ಐರಿನ್ ಬಾಯಿ ಎಂದು. ಯಾವುದು ಬೇಕು ಎನ್ನುತ್ತೇನೆ. ಎರಡೂ ಎನ್ನುತ್ತಾರೆ. ಈಗ ನಮ್ಮ ಜಗಲಿಯಲ್ಲಿ ಬೀಜದ ಚೀಲದ ಬಾಯಿಗೆ ನೀಲಿ ದಾರ, ಬೇಯಿಸಿದ್ದರ ಚೀಲಕ್ಕೆ ಕೆಂಪು ದಾರ. ನಮ್ಮವರು ಮೊದಲು ನಗುತ್ತಿದ್ದರು, ಈಗ ತಾವೇ ಕಟ್ಟುತ್ತಾರೆ.

ಪ್ರತಿಮಾ, ನೀನು ಕೇಳಿದ್ದಕ್ಕೆ ಉಳಿದರ್ಧ ಉತ್ತರ ಇದು. ಮೇಡಂ ಹೇಳಿದ್ದು ಸರಿ, ಯಾರೂ ಮೊದಲೇ ತೆಗೆದು ನೋಡುವ ಹಾಗಿಲ್ಲ. ಆದರೂ ಹಿಂದಿನ ಸಂಜೆ ಅವರು ಬಸ್ಸಿಗೆ ಹೋದ ಮೇಲೆ ಒಮ್ಮೆ ನೋಡು. ನೋಡುವ ಮೊದಲು ಗಂಟು ಹೇಗಿದೆ ಎಂದು ಗಮನಿಸು, ನೋಡಿದ ಮೇಲೆ ಹಾಗೆಯೇ ಕಟ್ಟು.